ಭರಣಿಯಲ್ಲಿ ಉಳಿದಿದ್ದ ಮಣ್ಣು

ಗ್ರೀನ್‌ಲೆಂಡ್ ಎಂಬ ಹೆಸರು ನಂಬಿ ಹಸಿರು ಹುಡುಕಿಕೊಂಡು ಹೋದವರಿಗೆ ನಿರಾಸೆ ಕಟ್ಟಿಟ್ಟದ್ದು. ಆ ಮಹಾದ್ವೀಪದ ಐದರಲ್ಲಿ ನಾಲ್ಕು ಪಾಲನ್ನು ಮಂಜುಗಡ್ಡೆಯೇ ಮುಚ್ಚಿದೆ. ನಡುನಾಡಿನಲ್ಲಿ ಅದರ ದಪ್ಪ ಮೂರು ಕಿಲೋಮೀಟರಿಗೂ ಹೆಚ್ಚು. ಈ ಹಿಮಹಾಸು ಒಮ್ಮೆ ಹಾಸಿಕೊಂಡದ್ದು ಹಾಗೆಯೇ ಇದೆಯೇ, ಅಥವಾ ನಡುವೆ ಎಂದಾದರೂ ಕರಗಿಹೋಗಿತ್ತೇ? ಇದಕ್ಕೆ ಸಿಕ್ಕಿದ ನೇರವಾದ ಉತ್ತರ ಮಂಜಿನಲ್ಲಿರಲಿಲ್ಲ, ಮಂಜಿನಡಿಯ ಮಣ್ಣಿನಲ್ಲಿತ್ತು. ಆ ಮಣ್ಣು ಅರ್ಧ ಶತಮಾನ ಕಾಲ ಶೈತ್ಯಾಗಾರದಲ್ಲಿ ಹೇಳುವವರು ಕೇಳುವವರಿಲ್ಲದೆ ಬಿದ್ದಿತ್ತು.

ಕಥೆ ಶುರುವಾಗುವುದು 1959ರಲ್ಲಿ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಶೀತಲ ಸಮರದ ದಿನಗಳವು. ಹೆಸರಿಗೆ ತಕ್ಕ ಜಾಗವನ್ನೇ ಆರಿಸಿಕೊಂಡ ಅಮೆರಿಕದ ಸೇನೆ, ಉತ್ತರ ಧ್ರುವದಿಂದ ಸುಮಾರು 1,300 ಕಿ.ಮೀ. ದೂರದಲ್ಲಿ, ವಾಯವ್ಯ ಗ್ರೀನ್‌ಲೆಂಡಿನ ಮಂಜಿನೊಳಗೇ ಸುರಂಗ ಕೊರೆದು 'ಕ್ಯಾಂಪ್ ಸೆಂಚುರಿ' ಎಂಬ ನೆಲೆ ಕಟ್ಟಿತು. ಬೆಳಕಿಗೂ ಬಿಸಿಗೂ ಪುಟ್ಟದೊಂದು ಪರಮಾಣು ಸ್ಥಾವರವನ್ನೇ ಅಲ್ಲಿಗೆ ಸಾಗಿಸಲಾಯಿತು. ಹೊರಗೆ ಹೇಳಿದ್ದು ವೈಜ್ಞಾನಿಕ ಸಂಶೋಧನೆ ಎಂದು. ಒಳಗಿನ ಆಲೋಚನೆ ಬೇರೆ: ಮಂಜಿನಡಿಯ ಸುರಂಗಜಾಲದಲ್ಲಿ 600 ಕ್ಷಿಪಣಿಗಳನ್ನು ಬಚ್ಚಿಡುವುದು. ಈ ಗುಟ್ಟು ಬಯಲಾದದ್ದು 1990ರ ದಶಕದಲ್ಲಿ.

ಯೋಜನೆಯನ್ನು ಕೆಡಿಸಿದ್ದು ಶತ್ರುವಲ್ಲ, ಮಂಜುಗಡ್ಡೆಯೇ. ನೋಡಲು ಬಂಡೆಯಂತಿದ್ದರೂ ಅದು ಜೋನಿಬೆಲ್ಲದ ಹಾಗೆ, ಆದರೆ ಅದಕ್ಕಿಂತ ಎಷ್ಟೋ ನಿಧಾನವಾಗಿ, ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಸುರಂಗದ ಗೋಡೆಗಳು ಒಳಕ್ಕೆ ಬಾಗಿದವು, ಚಾವಣಿ ಜಗ್ಗಿತು. 1967ರ ಹೊತ್ತಿಗೆ ಸೇನೆ ಜಾಗ ಖಾಲಿ ಮಾಡಿತು. ಹೊರಗೆ ಹೇಳಿಕೊಂಡ ಸಂಶೋಧನೆಯ ನೆಪ ಮಾತ್ರ ನಿಜವಾಗಿ ಫಲ ಕೊಟ್ಟಿತು!

ಏಕೆಂದರೆ ಅದೇ ನೆಲೆಯಲ್ಲಿ ವಿಜ್ಞಾನಿಗಳು ಮಂಜನ್ನು ಮೇಲಿನಿಂದ ತಳದವರೆಗೆ ಕೊರೆಯುತ್ತಿದ್ದರು. 1966ರಲ್ಲಿ ಸುಮಾರು 1,390 ಮೀಟರ್ ಆಳದಲ್ಲಿ ಮಂಜು ಮುಗಿಯಿತು. ಒಂದು ಹಿಮಹಾಸನ್ನು ಹೀಗೆ ಪೂರ್ತಿ ತೂರಿದ್ದು ಅದೇ ಮೊದಲು. ಕೊರೆಯುವವರು ಅಲ್ಲಿಗೇ ನಿಲ್ಲದೆ, ಇನ್ನೂ ಮೂರೂವರೆ ಮೀಟರಿನಷ್ಟು ಕೆಳಗಿಳಿದು ಹೆಪ್ಪುಗಟ್ಟಿದ ಮಣ್ಣನ್ನೂ ಮೇಲೆತ್ತಿದರು. ಈಗ ನೋಡಿದರೆ ಅವರು ಮಾಡಿದ ಅತಿ ಬೆಲೆಬಾಳುವ ಕೆಲಸ ಅದೇ.

ಆದರೆ ಆಗ ಎಲ್ಲರ ಕಣ್ಣೂ ಮಂಜಿನ ಮೇಲಿತ್ತು. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಅದನ್ನು ಓದುವ ವಿದ್ಯೆ ಕಂಡುಕೊಂಡಿದ್ದರು. 1952ರಲ್ಲಿ ಬಿಯರ್ ಬಾಟಲಿಗೆ ಆಲಿಕೆಯಿಟ್ಟು ಮಳೆನೀರು ಹಿಡಿದು ಪರೀಕ್ಷೆ ಆರಂಭಿಸಿದವರು ಅವರು. ನೀರಿನಲ್ಲಿ ಆಮ್ಲಜನಕ-16ರ ಜೊತೆಗೆ ಅದರ ಭಾರವಾದ ಸಮಸ್ಥಾನಿ ಆಮ್ಲಜನಕ-18 ಕೂಡ ಚೂರು ಇರುತ್ತದೆ. ಮೋಡ ತಣ್ಣಗಾಗುತ್ತ ಸಾಗಿದಂತೆ ಭಾರದ್ದು ಮೊದಲು ಸುರಿದುಹೋಗುತ್ತದೆ. ಹಾಗಾಗಿ ಹಿಮ ಬಿದ್ದಾಗ ಚಳಿ ಹೆಚ್ಚಿದ್ದಷ್ಟೂ ಅದರಲ್ಲಿ ಆಮ್ಲಜನಕ-18 ಕಡಿಮೆ. ಈ ಲೆಕ್ಕದಿಂದ ಅವರ ತಂಡ 1969ರಲ್ಲಿ ಒಂದು ಲಕ್ಷ ವರ್ಷಗಳ ಹವೆಯ ಏರಿಳಿತವನ್ನು ಪ್ರಕಟಿಸಿತು.

ಅಡಿಯ ಮಣ್ಣು? ಅದು ಗಾಜಿನ ಭರಣಿಗಳಲ್ಲಿ ಸೇರಿಕೊಂಡು ಅಮೆರಿಕದ ಬಫಲೋ ವಿಶ್ವವಿದ್ಯಾಲಯಕ್ಕೂ, ಅಲ್ಲಿಂದ 1990ರ ದಶಕದಲ್ಲಿ ಕೋಪನ್‌ಹೇಗನ್ನಿಗೂ ಹೋಯಿತು. 2017ರಲ್ಲಿ ಅಲ್ಲಿನ ಶೈತ್ಯಾಗಾರದ ಸಾಮಾನು ಪಟ್ಟಿ ಮಾಡುವಾಗ ಮತ್ತೆ ಕಣ್ಣಿಗೆ ಬಿತ್ತು. ಎರಡು ವರ್ಷದ ನಂತರ ವರ್ಮಾಂಟ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕ್ರೈಸ್ಟ್, ಪಾಲ್ ಬೀರ್ಮನ್ ಮತ್ತಿತರರು ಅದನ್ನು ತೊಳೆದು ಸೋಸಿದಾಗ ನೀರಿನ ಮೇಲೆ ಕಪ್ಪು ಚೂರುಗಳು ತೇಲಿದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡ್ಡಿಗಳು, ಎಲೆಗಳು, ಪಾಚಿ! ಈಗ 1,390 ಮೀಟರ್ ಮಂಜು ಕುಳಿತಿರುವಲ್ಲಿ ಒಮ್ಮೆ ಗಿಡ ಬೆಳೆದಿತ್ತು. 2021ರಲ್ಲಿ ಈ ಸುದ್ದಿ ಪ್ರಕಟವಾಯಿತು.

ಯಾವಾಗ ಬೆಳೆದಿತ್ತು ಎಂಬುದು ಮುಂದಿನ ಪ್ರಶ್ನೆ. ಮಣ್ಣಿನಲ್ಲಿರುವ ಖನಿಜದ ಹರಳುಗಳನ್ನು ಹುಂಡಿಗಳೆಂದು ಭಾವಿಸಿ. ಸುತ್ತಲಿನ ಮಣ್ಣಿನ ಸಹಜ ವಿಕಿರಣದಿಂದ ಅವುಗಳೊಳಗೆ ಎಲೆಕ್ಟ್ರಾನುಗಳು ಕಾಸಿನಂತೆ ಒಂದೊಂದಾಗಿ ಸೇರುತ್ತ ಹೋಗುತ್ತವೆ. ಬಿಸಿಲು ತಾಗಿತೋ, ಹುಂಡಿ ಖಾಲಿ. ಮತ್ತೆ ಹೂತುಹೋದರೆ ಲೆಕ್ಕ ಸೊನ್ನೆಯಿಂದ ಶುರು. ಪ್ರಯೋಗಾಲಯದಲ್ಲಿ ಆ ಹರಳಿಗೆ ಬೆಳಕು ಹಾಯಿಸಿದರೆ ಕೂಡಿಟ್ಟ ಶಕ್ತಿ ಮಿಣುಕಾಗಿ ಹೊರಬರುತ್ತದೆ. ಮಿಣುಕು ಅಳೆದರೆ ಹೂತು ಎಷ್ಟು ಕಾಲವಾಯಿತೆಂದು ತಿಳಿಯುತ್ತದೆ. ಆದ್ದರಿಂದ ಈ ಕೆಲಸ ನಡೆಯುವುದು ಹಳೆಯ ಫೋಟೋ ಸ್ಟುಡಿಯೋಗಳಲ್ಲಿದ್ದಂಥ ಕತ್ತಲೆ ಕೋಣೆಯಲ್ಲಿ, ಬೆಳಕು ಕಾಣದ ಒಳಭಾಗದ ಮಣ್ಣನ್ನಷ್ಟೇ ತೆಗೆದುಕೊಂಡು. ಯೂಟಾ ರಾಜ್ಯ ವಿಶ್ವವಿದ್ಯಾಲಯದ ಟ್ಯಾಮಿ ರಿಟ್ಟನೋರ್ ಅಳೆದದ್ದು ಹೀಗೆಯೇ.

2023ರಲ್ಲಿ ಬಂದ ಉತ್ತರ: ಸುಮಾರು 4,16,000 ವರ್ಷ, 38 ಸಾವಿರ ವರ್ಷ ಆಚೀಚೆ. ಅಷ್ಟು ಹಿಂದೆ ಅಲ್ಲಿ ಬಿಸಿಲು ನೆಲ ಮುಟ್ಟಿತ್ತು, ನೀರು ಹರಿದು ಮರಳು ತಂದಿತ್ತು. ಗ್ರೀನ್‌ಲೆಂಡಿನ ಮಂಜು ಆ ಮೂಲೆಯವರೆಗೆ ಕರಗಬೇಕಾದರೆ ಸಮುದ್ರಮಟ್ಟ ಕನಿಷ್ಠ 1.4 ಮೀಟರ್ ಏರಿರಬೇಕು ಎಂದು ತಂಡ ಲೆಕ್ಕ ಹಾಕಿತು.

ಕಳವಳಕ್ಕೆ ಕಾರಣ ಇನ್ನೊಂದು ಸಂಖ್ಯೆ. ಆಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 280 ಪಾಲಿನ ಆಸುಪಾಸಿನಲ್ಲಿತ್ತು. ಇದು ಅಂಟಾರ್ಕ್ಟಿಕದ ಮಂಜಿನಲ್ಲಿ ಸೆರೆಯಾದ ಗಾಳಿಗುಳ್ಳೆಗಳಿಂದ ಗೊತ್ತಾದ ಮಾತು. ಇಂದು ಅದು 420 ದಾಟಿದೆ. ಹಾಗೆಂದು ಮಂಜು ನಾಳೆಯೇ ಕರಗೀತು ಎನ್ನುವಂತಿಲ್ಲ. ಆ ಬೆಚ್ಚನೆಯ ಅವಧಿ ಹತ್ತಾರು ಸಾವಿರ ವರ್ಷ ಮುಂದುವರಿದಿತ್ತು. ಕರಗುವಿಕೆಗೆ ಧಾರಾಳ ಸಮಯವಿತ್ತು. ಆದರೆ 280 ಪಾಲಿನಲ್ಲೇ ನಿಲ್ಲಲಾಗದ ಮಂಜು 420ರಲ್ಲಿ ಸುಭದ್ರವಾಗಿರುತ್ತದೆ ಎಂದು ಧೈರ್ಯ ಹೇಳುವವರು ಈಗ ಆಧಾರ ತೋರಿಸಬೇಕಾಗುತ್ತದೆ.

ಕ್ಯಾಂಪ್ ಸೆಂಚುರಿಯೇನೋ ಅಂಚಿಗೆ ಹತ್ತಿರ, ನಡುನಾಡು ಗಟ್ಟಿಯಾಗಿಯೇ ಇದ್ದಿರಬಹುದಲ್ಲ ಎಂಬ ಸಂದೇಹ ಸಹಜ. 1993ರಲ್ಲಿ ದ್ವೀಪದ ನಟ್ಟನಡುವೆ ಮೂರು ಕಿ.ಮೀ.ಗೂ ಹೆಚ್ಚು ಕೊರೆದಾಗ ಬಂದ ತಳದ ಮಣ್ಣನ್ನೂ ಬೀರ್ಮನ್ ತಂಡ ಹೊರತೆಗೆಯಿತು. 2024ರಲ್ಲಿ ಅವರು ತಿಳಿಸಿದಂತೆ ಅದರಲ್ಲಿ ವಿಲೋ ಗಿಡದ ಕಟ್ಟಿಗೆಯ ಚೂರು, ಕೀಟದ ಅವಶೇಷ, ಜೊತೆಗೆ ಒಂದು ಬೀಜ ಇದ್ದವು. ಬೀಜ ಧ್ರುವಪ್ರದೇಶದ ಗಸಗಸೆಯದು, ನಮ್ಮ ಪಾಯಸದ ಗಸಗಸೆಯ ನೆಂಟ. ಅದು ಅಲ್ಲಿ ಮೊಳೆತದ್ದು ಕಳೆದ ಹನ್ನೊಂದು ಲಕ್ಷ ವರ್ಷಗಳೊಳಗೆ ಎಂಬುದು ಅವರ ಅಂದಾಜು. ನಡುವಿನಲ್ಲೇ ಮಂಜಿಲ್ಲದಿದ್ದರೆ ಉಳಿದೆಡೆಯದೂ ಬಹುಪಾಲು ಹೋಗಿರಲೇಬೇಕು. ಗ್ರೀನ್‌ಲೆಂಡಿನ ಮಂಜೆಲ್ಲ ಕರಗಿದರೆ ಜಗತ್ತಿನ ಸಮುದ್ರಗಳು ಏರುವ ಎತ್ತರ ಸುಮಾರು ಏಳು ಮೀಟರ್.