ವಜ್ರದ ಹುಟ್ಟೂರು ಯಾವುದು?

ಹಟ್ಟಿಯಂಗಡಿಯ ಮದುವೆಮನೆಗಳಿಗೂ ಈಗ ವಜ್ರದುಂಗುರ ಕಾಲಿಟ್ಟಿದೆ. ಕುಂದಾಪುರದ ಪೇಟೆಯಲ್ಲಿ ಅದನ್ನು ಕೊಳ್ಳುವ ನಾವು ತೂಕ, ಹೊಳಪು, ಬೆಲೆಗಳನ್ನು ವಿಚಾರಿಸುತ್ತೇವೆ. ಯಾವ ಗಣಿಯದೆಂದು ಕೇಳುವುದಿಲ್ಲ. ಚಿನ್ನಕ್ಕೆ 2021ರಿಂದ ಕಡ್ಡಾಯವಾದ ಹಾಲ್‌ಮಾರ್ಕ್ ಸಾರುವುದೂ ಶುದ್ಧತೆಯನ್ನಷ್ಟೇ. ಶುದ್ಧತೆ ವಸ್ತುವಿನ ಗುಣ. ಅದು ನಮ್ಮ ಕೈಸೇರಿದ ಬಗೆ ಬೇರೆಯೇ ಪ್ರಶ್ನೆ.

ಅಂಗೋಲಾ, ಸಿಯೆರಾ ಲಿಯೋನ್‌ಗಳ ಅಂತರ್ಯುದ್ಧಗಳಿಗೆ ವಜ್ರದ ಹಣ ಒದಗಿದುದನ್ನು ಕಂಡು ಜಗತ್ತು ಎಚ್ಚೆತ್ತಿತು. 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಜಾರಿಗೆ ಬಂತು. ಕಚ್ಚಾ ವಜ್ರಕ್ಕೆ ಸರಕಾರಿ ಪ್ರಮಾಣಪತ್ರ ಬೇಕೆಂಬುದು ಅದರ ನಿಯಮ. ಆದರೆ ಅದರ ವ್ಯಾಖ್ಯೆ ಬಂಡುಕೋರರಿಗಷ್ಟೇ ಸೀಮಿತ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ಸರಕಾರದ ಸೈನಿಕರೇ ಗಣಿಗಾರರನ್ನು ಕೊಂದರು. ಅಲ್ಲಿನ ಹರಳುಗಳು ಆ ವ್ಯಾಖ್ಯೆಯೊಳಗೆ ಬರಲಿಲ್ಲ. 2011ರಲ್ಲಿ ಅವುಗಳ ರಫ್ತಿಗೆ ಅನುಮತಿ ದೊರೆಯಿತು. ಈ ಪ್ರಕ್ರಿಯೆಗಾಗಿ ಹೋರಾಡಿದ್ದ ಗ್ಲೋಬಲ್ ವಿಟ್ನೆಸ್ ಸಂಸ್ಥೆ ಅದೇ ವರ್ಷ ಹೊರನಡೆಯಿತು.

ದೂರದ ಆಫ್ರಿಕಾದ ಕಥೆಯೆಂದು ಇದನ್ನು ಬದಿಗಿಡಲಾದೀತೇ? ನಮ್ಮ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳು ಮಾತ್ರ ಇಂದಿಗೂ ಅಲ್ಲಿಯವರ ಪಾಲಿಗೆ ಉಳಿದಿವೆ.

ಸೂರತ್ತಿನಲ್ಲಿ ಹರಳನ್ನು ಕೊರೆದು ಹೊಳಪಿಸಿದ ಮೇಲೆ ಕಿಂಬರ್ಲಿ ಪತ್ರ ಅದರೊಡನೆ ಬರುವುದಿಲ್ಲ. ಉಳಿಯುವುದು ವ್ಯಾಪಾರಿಯು ಬಿಲ್ಲಿನಲ್ಲಿ ಬರೆದುಕೊಡುವ ಭರವಸೆ. ಅದು ದುರ್ಬಲ ಆಧಾರವೇ ಸರಿ. ಆದರೂ ಅದನ್ನು ಕೇಳಿ ಪಡೆಯುವ ಹಕ್ಕು ಕೊಳ್ಳುವವರಿಗಿದೆ. ಮಜೂರಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವ ನಮ್ಮ ಹಿರಿಯರು ಈ ಒಂದು ಮಾತನ್ನೂ ಕೇಳಬಹುದಲ್ಲವೇ?