ಮುಖ ನೋಡಿ ಮಣೆ ಹಾಕುವ ಮುನ್ನ

ಖಾನಾಪುರ ತಾಲ್ಲೂಕಿನ ನಂದಗಡಕ್ಕೆ ಹೋದವರು ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈಮುಗಿದೇ ಹಿಂದಿರುಗುತ್ತಾರೆ. ಕಿತ್ತೂರು ರಾಣಿ ಚೆನ್ನಮ್ಮನವರ ನೆಚ್ಚಿನ ಬಂಟನಾದ ಆ ವೀರನನ್ನು 1831ರ ಜನವರಿ 26ರಂದು ಅಲ್ಲಿಯೇ ಗಲ್ಲಿಗೇರಿಸಲಾಯಿತು. ಕಾಡು ಗುಡ್ಡಗಳಲ್ಲಿ ಅಡಗಿ ಕಾದಿದ ರಾಯಣ್ಣನನ್ನು ಕುಂಪಣಿಯ ಸೈನ್ಯವು ಎದುರುಬದುರು ನಿಂತು ಹಿಡಿಯಲಾರದೆ ಹೋಯಿತು. 1830ರಲ್ಲಿ ಅವನನ್ನು ಹಿಡಿದುಕೊಟ್ಟವರು ಅವನು ನಂಬಿದ ಜನವೇ. ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದಾಗ, ಆಯುಧ ಕೈಯಲ್ಲಿಲ್ಲದ ಹೊತ್ತಿನಲ್ಲಿ, ಮೋಸದಿಂದ ಸೆರೆಯಾದನೆಂದು ನಮ್ಮ ಭಾಗದ ಜನ ಇಂದಿಗೂ ನೆನೆದು ಮರುಗುತ್ತಾರೆ.

ಎಲೆಯ ಸಪ್ಪಳದಿಂದಲೇ ಶತ್ರುವಿನ ಸುಳಿವನ್ನು ಅರಿಯಬಲ್ಲವನಿಗೆ ಜೊತೆಗಾರರ ಮುಖದಲ್ಲಿದ್ದ ಕಪಟ ಕಾಣಲಿಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಕಾಣದಿದ್ದುದು ಅವನ ಕೊರತೆಯಲ್ಲ, ಅದು ಮನುಷ್ಯಮಾತ್ರರ ಮಿತಿ. ಆ ಮಿತಿಯನ್ನು ಅರಿತುಕೊಳ್ಳುವುದು ಇಂದಿನ ಸಂಸಾರಿಗಳಿಗೂ ಅವಶ್ಯವೆಂದು ನಾವು ಭಾವಿಸುತ್ತೇವೆ.

'ಮುಖ ನೋಡಿ ಮಣೆ ಹಾಕು' ಎಂಬುದು ನಮ್ಮ ಹಿರಿಯರ ಗಾದೆ. ಸಾಕ್ಷಿ ಹೇಳುವವನ ಸ್ವರ, ಮೈಬಣ್ಣ, ಕಣ್ಣು, ಹಾವಭಾವಗಳನ್ನು ನೋಡಿ ಒಳಗಿನದನ್ನು ತಿಳಿಯಬೇಕೆಂದು ಹಳೆಯ ಧರ್ಮಶಾಸ್ತ್ರಕಾರರೂ ಬರೆದಿಟ್ಟಿದ್ದಾರೆ. ಆದರೆ ಆಧುನಿಕ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಇಂತಹ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಬಾಂಡ್ ಮತ್ತು ಡಿಪೌಲೊ ಎಂಬ ಅಮೆರಿಕೆಯ ವಿದ್ವಾಂಸರು 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಾತು ಸತ್ಯವೋ ಸುಳ್ಳೋ ಎಂದು ಹೇಳುವಲ್ಲಿ ಜನರು 100ಕ್ಕೆ ಸುಮಾರು 54 ಸಲ ಮಾತ್ರ ಸರಿಯಾಗಿದ್ದರು. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಯಾಗುತ್ತಿತ್ತು! ಸುಳ್ಳನ್ನು ಹಿಡಿಯುವುದೇ ಉದ್ಯೋಗವಾದವರು ಕೂಡ ಸಾಮಾನ್ಯರಿಗಿಂತ ಮೇಲಾಗಿರಲಿಲ್ಲ. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆಂಬ ನಂಬಿಕೆ ಜಗತ್ತಿನ ಹತ್ತಾರು ದೇಶಗಳಲ್ಲಿದೆ. ಆದರೆ ಪರೀಕ್ಷೆಯಲ್ಲಿ ಆ ಲಕ್ಷಣಕ್ಕೆ ಆಧಾರ ಸಿಕ್ಕಿಲ್ಲ.

ಇದರ ಕಾರಣ ಸರಳವಾಗಿದೆ. ಮುಖವು ಭಾವವನ್ನು ತೋರಿಸಬಹುದು, ಆದರೆ ಭಾವದ ಕಾರಣವನ್ನು ಹೇಳಲಾರದು. ದೇವರ ಜಗುಲಿಯ ಮೇಲಿಟ್ಟ ಹಣ ಕಾಣೆಯಾಯಿತೆನ್ನಿ. ತಂದೆ ಮಗನನ್ನು ಕರೆದು ಗದರಿಸುತ್ತಾನೆ. ಹುಡುಗನ ಗಂಟಲು ಒಣಗುತ್ತದೆ, ಮಾತು ತೊದಲುತ್ತದೆ. 'ನೋಡು, ಮುಖವೇ ಹೇಳುತ್ತದೆ' ಎಂದು ತೀರ್ಪು ಹೊರಬೀಳುತ್ತದೆ. ಕದ್ದವನ ಭಯಕ್ಕೂ, ಕದಿಯದಿದ್ದರೂ ನನ್ನ ಮಾತನ್ನು ಯಾರೂ ನಂಬುವುದಿಲ್ಲವೆಂಬ ಭಯಕ್ಕೂ ಮುಖದಲ್ಲಿ ವ್ಯತ್ಯಾಸವಿಲ್ಲ. ಹೊಸದಾಗಿ ಮನೆ ತುಂಬಿದ ಸೊಸೆ ಅತ್ತೆಯವರ ಮುಂದೆ ತಲೆ ತಗ್ಗಿಸಿ ಉತ್ತರಿಸಿದರೆ ಅದು ಮರ್ಯಾದೆ. ಅದನ್ನೇ 'ಏನೋ ಮುಚ್ಚಿಡುತ್ತಾಳೆ' ಎಂದು ತಿಳಿದರೆ ಆ ಸಂಸಾರದಲ್ಲಿ ನೆಮ್ಮದಿ ಉಳಿಯುವುದೆಂತು?

ಯಂತ್ರವಾದರೂ ಮನಸ್ಸನ್ನು ಓದೀತೇ ಎಂದರೆ ಅದಕ್ಕೂ ನಮ್ಮ ರಾಜ್ಯದ ಹೆಸರಿನ ಮೊಕದ್ದಮೆಯೊಂದು ಉತ್ತರ ನೀಡಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪಿತ್ತಿತು. ಸುಳ್ಳುಪತ್ತೆ ಯಂತ್ರ, ಮಂಪರು ಪರೀಕ್ಷೆ, ಮಿದುಳಿನ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಅದು ಸಾರಿತು. ಸುಳ್ಳುಪತ್ತೆ ಯಂತ್ರವು ಅಳೆಯುವುದು ನಾಡಿಬಡಿತ, ರಕ್ತದ ಒತ್ತಡ, ಉಸಿರಾಟ, ಬೆವರುಗಳನ್ನೇ ಹೊರತು ಸುಳ್ಳನ್ನಲ್ಲ. ನಿರಪರಾಧಿಯೂ ಹೆದರಿದರೆ ಬೆವರುತ್ತಾನೆ.

ಇನ್ನು ಈ ಕಾಲದ ಮೋಸದ ಮಾತು. ದೂರವಾಣಿಯ ತೆರೆಯ ಮೇಲೆ ಪೊಲೀಸ್ ಉಡುಪಿನವನೊಬ್ಬ ಕಾಣಿಸಿಕೊಳ್ಳುತ್ತಾನೆ. ನಿಮ್ಮ ಹೆಸರಿನಲ್ಲಿ ಅಪರಾಧ ನಡೆದಿದೆ, ನೀವು 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ, ಯಾರಿಗೂ ಹೇಳಕೂಡದು, ಕೂಡಲೇ ಹಣ ಕಳುಹಿಸಿ ಎಂದು ಗದರಿಸುತ್ತಾನೆ. 2025ರ ಮಾರ್ಚ್ ತಿಂಗಳಿನಲ್ಲಿ ಇದೇ ಖಾನಾಪುರ ತಾಲ್ಲೂಕಿನ ಗ್ರಾಮವೊಂದರಲ್ಲಿ ವೃದ್ಧ ದಂಪತಿಗಳು ಇಂತಹ ದುಷ್ಟರ ಬೆದರಿಕೆಗೆ ಸಿಲುಕಿ ಹಣವನ್ನೂ ಕಡೆಗೆ ಪ್ರಾಣವನ್ನೂ ಕಳೆದುಕೊಂಡರು. ಅದನ್ನು ನೆನೆದರೆ ಕರುಳು ಹಿಂಡುತ್ತದೆ. ಆ ಮುದಿ ಜೀವಗಳು ದಡ್ಡತನದಿಂದ ಮೋಸಹೋದವೆಂದು ಯಾರೂ ಹೇಳಬಾರದು. ಮಾನಕ್ಕೆ ಅಂಜಿ ಬಾಳುವವರನ್ನೇ ಈ ವಂಚಕರು ಹುಡುಕುತ್ತಾರೆ.

ಇಲ್ಲಿ ಗಮನಿಸಬೇಕಾದುದೊಂದಿದೆ. ವಂಚಕನು ತನ್ನ ಭಾವವನ್ನು ಮುಚ್ಚಿಕೊಳ್ಳಲು ಹೆಚ್ಚು ಶ್ರಮಪಡುವುದಿಲ್ಲ, ನಮ್ಮ ಭಾವವನ್ನು ಕೆರಳಿಸುತ್ತಾನೆ. ಒಬ್ಬನು ಭಯ ಹುಟ್ಟಿಸುತ್ತಾನೆ, ಇನ್ನೊಬ್ಬನು ದುಪ್ಪಟ್ಟು ಹಣದ ಆಸೆ ತೋರಿಸುತ್ತಾನೆ, ಮತ್ತೊಬ್ಬನು ಹೊಗಳಿ ಉಬ್ಬಿಸುತ್ತಾನೆ. ಆದುದರಿಂದ ಎದುರಿನವನ ಮುಖವನ್ನು ಓದುವ ಮೊದಲು ನಮ್ಮ ಮನವನ್ನು ನಾವು ಓದಿಕೊಳ್ಳಬೇಕು. 'ಈಗ ನನ್ನಲ್ಲಿ ಎದ್ದಿರುವುದು ಭಯವೇ, ಆಸೆಯೇ? ಇಷ್ಟು ಅವಸರವೇಕೆ? ಗುಟ್ಟೇಕೆ?' ಎಂದು ಕೇಳಿಕೊಂಡರೆ ಅರ್ಧ ಮೋಸ ಅಲ್ಲಿಯೇ ಬಯಲಾಗುತ್ತದೆ. ದಿನವೂ ಲಿಂಗಪೂಜೆಗೆ ಕುಳಿತು ತನ್ನನ್ನು ತಾನು ನೋಡಿಕೊಳ್ಳುವ ಅಭ್ಯಾಸವುಳ್ಳ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಎರಡನೆಯದಾಗಿ, ಸಂಶಯ ಬಂದ ಮಾತನ್ನು ಒಬ್ಬರೇ ಹೊತ್ತು ಕೂರಬಾರದು. ಮನೆಯವರ ಮುಂದೆ, ನೆರೆಯವರ ಮುಂದೆ ಬಿಚ್ಚಿ ಹೇಳಬೇಕು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಕಳೆದುಕೊಂಡವರು ಸಂಕೋಚಪಡದೆ ತಡಮಾಡದೆ 1930 ಸಂಖ್ಯೆಗೆ ತಿಳಿಸಬೇಕು. ತಂದೆತಾಯಿಗಳು ಮೋಸಹೋದರೆಂದು ತಿಳಿದಾಗ ಮಕ್ಕಳು ಬೈಯದೆ ಅವರ ಮಗ್ಗುಲಲ್ಲಿ ಕುಳಿತುಕೊಳ್ಳಬೇಕು. ಹಣಕ್ಕಿಂತ ಜೀವ ದೊಡ್ಡದು.

ಮೂರನೆಯದು, 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಇನ್ನೊಂದು ಗಾದೆಯನ್ನು ನೆನಪಿಡಬೇಕು. ಕನ್ಯೆ ನೋಡಲು ಹೋದಾಗ ಅರ್ಧ ತಾಸಿನ ಉಪ್ಪಿಟ್ಟು ಚಹಾದ ನಡುವೆ ಹುಡುಗ ಹುಡುಗಿಯರ ಗುಣವನ್ನು ಮುಖದಿಂದಲೇ ಅಳೆದು ಬರುತ್ತೇವೆ. ನಗುಮೊಗ ಸಾಲವನ್ನೂ ಹೇಳುವುದಿಲ್ಲ, ಚಟವನ್ನೂ ಹೇಳುವುದಿಲ್ಲ. ಅವರು ಮನೆಯ ಆಳಿನೊಡನೆ ಹೇಗೆ ನಡೆದುಕೊಳ್ಳುತ್ತಾರೆ, ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾರೆಯೇ, ದುಡಿದು ಉಣ್ಣುವವರೇ ಎಂದು ನಾಲ್ಕು ಕಡೆ ವಿಚಾರಿಸಿದರೆ ನಿಜ ತಿಳಿಯುತ್ತದೆ.

ಹಾಗೆಂದು ಎಲ್ಲರನ್ನೂ ಅನುಮಾನಿಸುತ್ತ ಬಾಳುವುದು ಬಾಳಲ್ಲ. ನಂಬುವವನು ಒಮ್ಮೆ ಮೋಸಹೋದಾನು, ಯಾರನ್ನೂ ನಂಬದವನು ದಿನವೂ ಒಂಟಿಯಾಗಿರುತ್ತಾನೆ. ರಾಯಣ್ಣನನ್ನು ಹಿಡಿದುಕೊಟ್ಟವರೂ ಇದ್ದರು, ಅವನಿಗಾಗಿ ಪ್ರಾಣ ತೆತ್ತವರೂ ಇದ್ದರು. ಶರಣರು ಮನುಷ್ಯನನ್ನು ಅಳೆದ ಕೋಲು ಮುಖವಲ್ಲ, ನುಡಿಗೆ ತಕ್ಕ ನಡೆ. ಆ ಕೋಲಿನಿಂದ ಅನ್ಯರನ್ನು ಅಳೆಯೋಣ, ಅದಕ್ಕೂ ಮೊದಲು ನಮ್ಮನ್ನು ನಾವು ಅಳೆದುಕೊಳ್ಳೋಣ. ಸತ್ಯ ಹೇಳಿದರೆ ಏಟು ಬೀಳುವುದಿಲ್ಲವೆಂಬ ಭರವಸೆ ಮನೆಯಲ್ಲಿದ್ದರೆ, ಮಕ್ಕಳ ಮುಖವನ್ನು ಓದುವ ಕಷ್ಟವೇ ನಮಗೆ ಬಾರದು.