ಕಾಡಿಗೆ ಹೊರಟವನ ಹೆಗಲಿಗೆ ಕೋವಿ ಬೇಕೆ?

ಪೊಳ್ಳಾಚಿಯಿಂದ ಆಳಿಯಾರು ದಾಟಿ ವಾಲ್ಪಾರೈಗೆ ಏರುವ ದಾರಿಯಲ್ಲಿ 40 ತಿರುವುಗಳಿವೆ. ರಜೆ ಬಂತೆಂದರೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಎಷ್ಟೋ ಕುಟುಂಬಗಳು ಆ ತಿರುವುಗಳನ್ನು ಎಣಿಸುತ್ತ ಬೆಟ್ಟ ಹತ್ತುತ್ತವೆ. ಕೆಲವರಿಗೆ ಚಾರಣದ ಹವ್ಯಾಸ, ಕೆಲವರಿಗೆ ಹಕ್ಕಿ ನೋಡುವ ಹುಚ್ಚು, ಇನ್ನು ಕೆಲವರಿಗೆ ಬೈಕಿನಲ್ಲಿ ಘಟ್ಟ ಸುತ್ತುವ ಉಮೇದು. 2025ರ ಫೆಬ್ರುವರಿಯಲ್ಲಿ ಇದೇ ರಸ್ತೆಯಲ್ಲಿ, ಬೈಕಿನಲ್ಲಿ ಬಂದ ವಿದೇಶಿ ಪ್ರವಾಸಿಗರೊಬ್ಬರು ಕಾಡಾನೆಯ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ರಸ್ತೆಯ ಬದಿಯಲ್ಲಿ ಆನೆ ಇದೆಯೆಂದು ಇತರ ವಾಹನಗಳವರು ನಿಂತು ಕಾಯುತ್ತಿದ್ದಾಗ ಅವರು ಮುಂದೆ ಸಾಗಿದ್ದರು. ಅದೇ ವರ್ಷ ವಾಲ್ಪಾರೈಯ ಚಹಾ ತೋಟವೊಂದರಲ್ಲಿ ಕಾರ್ಮಿಕ ಕುಟುಂಬದ ಪುಟ್ಟ ಮಗುವನ್ನು ಚಿರತೆ ಹೊತ್ತೊಯ್ದಿತು.

ಇಂಥ ಸುದ್ದಿ ಬಂದ ದಿನ ಮನೆಯ ಊಟದ ಹೊತ್ತಿನಲ್ಲಿ ಒಂದು ಮಾತು ಹುಟ್ಟುವುದು ಸಹಜ. ಕೈಯಲ್ಲೊಂದು ಬಂದೂಕು ಇದ್ದಿದ್ದರೆ? ಪರವಾನಗಿ ಪಡೆದು ಒಂದು ಪಿಸ್ತೂಲನ್ನು ಚೀಲದಲ್ಲಿ ಇಟ್ಟುಕೊಂಡರೆ ಮಕ್ಕಳನ್ನು ಧೈರ್ಯವಾಗಿ ಬೆಟ್ಟಕ್ಕೆ ಕರೆದೊಯ್ಯಬಹುದಲ್ಲವೆ? ಈ ಮಾತನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಪ್ರಶ್ನೆಗೆ ನೇರವಾದ ಉತ್ತರ ಸಲ್ಲಬೇಕು.

ಕಾಡೆಂದರೆ ಕೋವಿ ಎಂಬ ಚಿತ್ರ ಕನ್ನಡದ ಓದುಗರ ಮನಸ್ಸಿನಲ್ಲಿ ಮೂಡಿದ್ದಕ್ಕೆ ಕಾರಣವೂ ಉಂಟು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. ಶಾಲೆಯ ಗ್ರಂಥಾಲಯದಲ್ಲಿ ಪುಟ ಸವೆಯುವಷ್ಟು ಓದಿಸಿಕೊಂಡ ಪುಸ್ತಕಗಳವು. ಆಂಡರ್ಸನ್ ಸುತ್ತಿದ ಕಾಡುಗಳಲ್ಲಿ ದಿಂಬಂ ಘಟ್ಟದ ಸುತ್ತಿನ ಸೀಮೆಯೂ ಸೇರಿತ್ತು. ಸತ್ಯಮಂಗಲ, ತಾಳವಾಡಿಗಳೊಡನೆ ಅದು 1979ರವರೆಗೆ ಕೊಯಮತ್ತೂರು ಜಿಲ್ಲೆಯದೇ ಭಾಗವಾಗಿತ್ತು. ಆದರೆ ಆ ಕಥೆಗಳ ಕಾಲದ ಕಾನೂನು ಬೇರೆ, ಕಾಡಿನ ವಿಸ್ತಾರ ಬೇರೆ. ಆಂಡರ್ಸನ್ ತೀರಿಕೊಂಡದ್ದು 1974ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದಿತ್ತು.

ಮೊದಲು ಬಂದೂಕಿನ ಪರವಾನಗಿಯ ವಿಚಾರ. 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಯಾರೂ ಬಂದೂಕನ್ನು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. 21 ವರ್ಷ ತುಂಬದವರಿಗೆ ಪರವಾನಗಿಯ ಮಾತೇ ಇಲ್ಲ. ನಿಗದಿತ ನಿಯಮಗಳಿಗೆ ಒಳಪಟ್ಟ ತರಬೇತಿಗೆ ಮಾತ್ರ ಅವಕಾಶ. ಅರ್ಜಿ ಹಾಕಿದವನ ಬಗೆಗೆ ಪೊಲೀಸರ ವರದಿ ಬರಬೇಕು, ಆಯುಧವನ್ನು ಸುರಕ್ಷಿತವಾಗಿ ಬಳಸುವ ಮತ್ತು ಇಡುವ ತರಬೇತಿ ಆಗಿರಬೇಕು, ಪ್ರಾಣಕ್ಕೆ ಗಂಭೀರವಾದ ಅಪಾಯವಿದೆ ಎಂಬುದು ಅಧಿಕಾರಿಗೆ ಮನವರಿಕೆಯಾಗಬೇಕು. ರಜೆಯ ಚಾರಣ ಅಂಥ ಕಾರಣವೆಂದು ತೋರಿಸುವುದು ಸುಲಭವಲ್ಲ. 2019ರ ತಿದ್ದುಪಡಿಯ ಬಳಿಕ ಪರವಾನಗಿಯಿಲ್ಲದ ಬಂದೂಕು ಕೈಯಲ್ಲಿ ಸಿಕ್ಕರೆ ಎರಡರಿಂದ ಐದು ವರ್ಷಗಳ ಸೆರೆವಾಸ ಉಂಟು. ತೋಟದ ಮೂಲೆಯಲ್ಲಿ ಅಜ್ಜನ ಕಾಲದ ನಾಡಬಂದೂಕು ಉಳಿದಿರುವ ಮನೆಗಳು ಈ ಮಾತನ್ನು ಎರಡು ಸಲ ಓದಿಕೊಳ್ಳುವುದು ಒಳಿತು.

ಪರವಾನಗಿ ದೊರೆತಿತು ಎಂದೇ ಇಟ್ಟುಕೊಂಡರೂ ಎರಡನೆಯ ಬಾಗಿಲು ಇನ್ನೂ ಗಟ್ಟಿ. ಆನೈಮಲೈ ಹುಲಿ ಸಂರಕ್ಷಿತ ಪ್ರದೇಶವು ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಲ್ಲಿ ಹಬ್ಬಿದೆ. ಟಾಪ್‌ಸ್ಲಿಪ್, ವಾಲ್ಪಾರೈ ಸುತ್ತಿನ ಕಾಡುಗಳು, ಉಡುಮಲೈಪೇಟೆ, ಅಮರಾವತಿ ವಲಯಗಳು ಅದರೊಳಗಿವೆ. ವನ್ಯಜೀವಿ ಸಂರಕ್ಷಣಾ ಅಧಿನಿಯಮದ 31ನೆಯ ಕಲಮಿನಂತೆ, ಮುಖ್ಯ ವನ್ಯಜೀವಿ ಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಜಿಲ್ಲೆಯಲ್ಲಿ ಕೊಟ್ಟ ಬಂದೂಕಿನ ಪರವಾನಗಿ ಆ ಅನುಮತಿಯಲ್ಲ. ಈ ಕಾನೂನಿನಲ್ಲಿ ‘ಆಯುಧ’ ಎಂಬ ಮಾತಿಗೆ ಬಂದೂಕು ಮಾತ್ರ ಅರ್ಥವಲ್ಲ. ಬಿಲ್ಲುಬಾಣ, ಚಾಕು, ಬಲೆ, ಉರುಳು, ಸ್ಫೋಟಕ, ವಿಷ ಎಲ್ಲವೂ ಸೇರುತ್ತವೆ. ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವನಿಗೆ ಅಭಯಾರಣ್ಯದ ಪ್ರವೇಶದಲ್ಲಿ 27ನೆಯ ಕಲಮು ವಿನಾಯಿತಿ ಕೊಡುತ್ತದೆ. ಆಯುಧದ ಕಲಮಿನಲ್ಲಿ ಅಂಥ ವಿನಾಯಿತಿಯ ಮಾತಿಲ್ಲ.

ಇನ್ನು ಅನೇಕರು ಅರ್ಧ ಮಾತ್ರ ಕೇಳಿರುವ ಒಂದು ನಿಯಮವಿದೆ. ಪ್ರಾಣರಕ್ಷಣೆಗಾಗಿ, ಪ್ರಾಮಾಣಿಕ ಉದ್ದೇಶದಿಂದ, ಕಾಡುಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲವೆಂದು 11ನೆಯ ಕಲಮು ಹೇಳುತ್ತದೆ. ‘ಆತ್ಮರಕ್ಷಣೆಗೆ ಅವಕಾಶವಿದೆಯಂತೆ’ ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಅದರ ಬೆನ್ನಿಗೇ ಇನ್ನೊಂದು ವಾಕ್ಯ ನಿಂತಿದೆ: ರಕ್ಷಣೆಯ ಅಗತ್ಯ ಒದಗಿದ ಗಳಿಗೆಯಲ್ಲಿ ಆ ವ್ಯಕ್ತಿ ಇದೇ ಅಧಿನಿಯಮದ ಯಾವುದಾದರೂ ನಿಯಮವನ್ನು ಮುರಿಯುತ್ತಿದ್ದರೆ ಅವನಿಗೆ ಈ ಆಶ್ರಯ ಸಿಗದು. ಅನುಮತಿಯಿಲ್ಲದೆ ಬಂದೂಕು ಹಿಡಿದು ಅಭಯಾರಣ್ಯವನ್ನು ಹೊಕ್ಕವನು ಹೊಕ್ಕ ಗಳಿಗೆಯಲ್ಲೇ ನಿಯಮ ಮುರಿದಿರುತ್ತಾನೆ. ಅಂದರೆ, ಕಾನೂನು ಬರಿಗೈಯವನಿಗೆ ಕೊಡುವ ರಕ್ಷಣೆಯನ್ನು ಬಂದೂಕಿನವನು ತಾನಾಗಿ ಬಿಟ್ಟುಕೊಟ್ಟಂತಾಯಿತು. ಅಭಯಾರಣ್ಯದ ಬೇಟೆಗೆ 2022ರ ತಿದ್ದುಪಡಿಯ ಬಳಿಕ ಕನಿಷ್ಠ ಮೂರರಿಂದ ಏಳು ವರ್ಷಗಳ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೇಟೆಯ ಯತ್ನವೂ ಬೇಟೆಯೇ ಎಂದು ಕಾನೂನು ಎಣಿಸುತ್ತದೆ.

ಕಾನೂನನ್ನು ಬದಿಗಿಟ್ಟು ಕೇಳಿದರೂ ಬಂದೂಕು ಕಾಪಾಡೀತೆ? ಲಂಟಾನದ ಪೊದೆಯ ತಿರುವಿನಲ್ಲಿ ಆನೆ ಎದುರಾದಾಗ ನಡುವೆ ಇರುವುದು ಕೆಲವೇ ಮಾರು. ಮನುಷ್ಯನ ಓಟಕ್ಕಿಂತ ಆನೆಯ ಓಟ ವೇಗ. ಚೀಲದ ಗುಂಡಿ ಬಿಚ್ಚಿ, ಪಿಸ್ತೂಲು ತೆಗೆದು, ನಡುಗುವ ಕೈಯಿಂದ ಗುರಿ ಹಿಡಿಯಲು ಆ ದೂರ ಸಾಲದು. ಆತ್ಮರಕ್ಷಣೆಗೆಂದು ಮನುಷ್ಯರು ಇಟ್ಟುಕೊಳ್ಳುವ ಪಿಸ್ತೂಲಿನ ಗುಂಡು ಆನೆಯನ್ನು ನಿಲ್ಲಿಸುವ ಮಾತು ದೂರ. ಅದು ಮಾಡುವ ಗಾಯ ಆನೆಯನ್ನು ಇನ್ನಷ್ಟು ಕೆರಳಿಸುತ್ತದೆ. ಆ ಆನೆ ಮರುದಿನ ಎದುರಾಗುವುದು ಗುಂಡು ಹಾರಿಸಿ ಊರಿಗೆ ಮರಳಿದ ಹವ್ಯಾಸಿಗಲ್ಲ, ನಸುಕಿನಲ್ಲಿ ಕೆಲಸಕ್ಕೆ ಹೊರಟ ತೋಟದ ಹೆಂಗಸಿಗೆ.

ಬಂದೂಕು ಸಾಮಾನ್ಯವಾಗಿರುವ ದೇಶದ ಅನುಭವವನ್ನೂ ನೋಡಬಹುದು. ಅಮೆರಿಕದ ಅಲಾಸ್ಕಾದಲ್ಲಿ 1883ರಿಂದ 2009ರವರೆಗೆ ಕರಡಿ ಮತ್ತು ಬಂದೂಕು ಹಿಡಿದ ಮನುಷ್ಯ ಮುಖಾಮುಖಿಯಾದ 269 ಪ್ರಕರಣಗಳನ್ನು ಸಂಶೋಧಕರು ಕಲೆಹಾಕಿ 2012ರಲ್ಲಿ ಪ್ರಕಟಿಸಿದರು. ಬಂದೂಕನ್ನು ಬಳಸಿದವರಿಗೂ ಬಳಸದವರಿಗೂ ಆದ ಗಾಯಗಳಲ್ಲಿ ಗಣನೀಯ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಉತ್ತರಧ್ರುವದ ಬಳಿಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಹಿಮಕರಡಿಯ ಭಯದಿಂದ ಊರ ಹೊರಗೆ ಬಂದೂಕು ಒಯ್ಯುವುದು ರೂಢಿ ಎಂಬುದೂ ನಿಜ. ಅದು ಮರವೇ ಇಲ್ಲದ ಬಟ್ಟಬಯಲು; ಅಲ್ಲಿ ಅಪಾಯ ದೂರದಿಂದ ಕಾಣುತ್ತದೆ. ಆನೈಮಲೈಯ ಮಳೆಕಾಡಿನಲ್ಲಿ ಹತ್ತು ಹೆಜ್ಜೆ ಆಚೆಗಿನದು ಕಾಣುವುದಿಲ್ಲ.

ಬೆಟ್ಟದ ಅಪಾಯಗಳಲ್ಲಿ ಹೆಚ್ಚಿನವು ಗುಂಡಿಗೆ ಸಿಗುವಂಥವೂ ಅಲ್ಲ. ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಬಿದಿರುಕೋಲು ಊರಿ ಹತ್ತುವ ಯಾತ್ರಿಕರಲ್ಲಿ 2024ರ ಋತುವಿನಲ್ಲಿ ಹಲವರು ಉಸಿರಾಟದ ಮತ್ತು ಹೃದಯದ ತೊಂದರೆಯಿಂದ ತೀರಿಕೊಂಡರು. 2018ರ ಮಾರ್ಚಿನಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಿಗರನ್ನು ಬಲಿತೆಗೆದುಕೊಂಡದ್ದು ಕಾಡಿನ ಬೆಂಕಿ. ಹಾವಿನ ಕಡಿತಕ್ಕೆ, ಜಾರುಬಂಡೆಗೆ, ಅಣೆಕಟ್ಟಿನ ಸುಳಿಗೆ ಬಂದೂಕು ಏನು ಮಾಡೀತು? ದಾರಿಗಳ್ಳರ ಭಯವೆಂದರೂ ನಾಲ್ಕು ಜನರ ಜೊತೆ, ಹಗಲಿನ ಹೊತ್ತು, ಮನೆಯವರಿಗೆ ತಿಳಿಸಿದ ದಾರಿ, 112ಕ್ಕೆ ಒಂದು ಕರೆ, ಇವು ಮೊದಲು ನೆನಪಾಗಬೇಕಾದವು.

ಇನ್ನೊಂದು ಲೆಕ್ಕವನ್ನು ಹೆತ್ತವರು ಮರೆಯಬಾರದು. ವರ್ಷದಲ್ಲಿ ನಾಲ್ಕು ದಿನ ಬೆಟ್ಟಕ್ಕೆ ಹೋಗುವ ಮನೆಯಲ್ಲಿ ಆ ಬಂದೂಕು ಉಳಿದ 361 ದಿನ ಇರುವುದೆಲ್ಲಿ? ಬೀರುವಿನ ಮೇಲೆ, ಹಾಸಿಗೆಯ ಕೆಳಗೆ, ಬೀಗದ ಕೈ ಎಲ್ಲಿದೆಯೆಂದು ಮಕ್ಕಳಿಗೆ ಗೊತ್ತಿರುವ ಪೆಟ್ಟಿಗೆಯಲ್ಲಿ. ಕಾಡಿನ ಅಪಾಯಕ್ಕೆಂದು ತಂದ ವಸ್ತು ಕಾಡಿಗಿಂತ ಮನೆಗೆ ಹತ್ತಿರವಾಗಿರುತ್ತದೆ.

ಹಾಗಾದರೆ ಉಪಾಯವೇನು? ಉತ್ತರ ವಾಲ್ಪಾರೈಯಲ್ಲೇ ಇದೆ. ಚಹಾ ತೋಟಗಳ ನಡುವೆ ಆನೆಗಳು ಓಡಾಡುವ ಆ ಪ್ರಸ್ಥಭೂಮಿಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು, ಅರಣ್ಯ ಇಲಾಖೆ ಮತ್ತು ತೋಟಗಳವರ ಜೊತೆ ಸೇರಿ, ಆನೆ ಯಾವ ತೋಟದ ಬಳಿ ಇದೆಯೆಂಬ ಸುದ್ದಿಯನ್ನು ಜನರಿಗೆ ಮುಟ್ಟಿಸುವ ಏರ್ಪಾಡು ಮಾಡಿದರು. ಸ್ಥಳೀಯ ಕೇಬಲ್ ಟಿವಿಯಲ್ಲಿ ಸಾಲು ಹರಿಯುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ, ಎತ್ತರದ ಕಂಬಗಳ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಕೆಂಪು ದೀಪ ಕಂಡವನು ದಾರಿ ಬದಲಿಸುತ್ತಾನೆ. ಈ ಕೆಲಸದ ಮುಂದಾಳು ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂದಿತು. ಆನೆಯನ್ನು ಎದುರಿಸುವ ಶಕ್ತಿಗಿಂತ ಆನೆ ಎಲ್ಲಿದೆಯೆಂಬ ತಿಳಿವು ದೊಡ್ಡದೆಂದು ತೋರಿಸಿಕೊಟ್ಟ ಕೆಲಸವದು.

ಚಾರಣಕ್ಕೂ ಇದೇ ಮಾತು. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರಕಾರ 40 ಚಾರಣ ಮಾರ್ಗಗಳನ್ನು ಗುರುತಿಸಿ, ತರಬೇತಿ ಪಡೆದ ಸ್ಥಳೀಯ ಮಾರ್ಗದರ್ಶಿಗಳೊಡನೆ ಹೋಗುವ ವ್ಯವಸ್ಥೆಯನ್ನು ಆರಂಭಿಸಿತು. ಆ ಮಾರ್ಗದರ್ಶಿಗಳಲ್ಲಿ ಅನೇಕರು ಕಾಡಿನ ಬುಡಕಟ್ಟುಗಳವರು. ಮುರಿದ ಬಿದಿರಿನ ಹಸಿ ತುದಿ, ಲದ್ದಿಯ ಬಿಸಿ, ಗಾಳಿಯಲ್ಲಿ ತೇಲುವ ಘಾಟು, ಮುಸಿಯನ ಒಂದು ಕೂಗು, ಇಷ್ಟರಿಂದ ಅವರು ಮುಂದಿನ ತಿರುವಿನ ಸುದ್ದಿ ಹೇಳಬಲ್ಲರು. ಮಕ್ಕಳೊಡನೆ ಹೊರಟವರು ಅವರ ಮಾತನ್ನು ಮೀರಬಾರದು. ನಸುಕು, ಮುಸ್ಸಂಜೆಗಳಲ್ಲಿ ನಡೆಯಬಾರದು; ಮಕ್ಕಳು ಸಾಲಿನ ನಡುವೆ ಇರಬೇಕು; ಕರಡಿಯ ಜಾಡಿನಲ್ಲಿ ಮೆಲ್ಲನೆ ಮಾತಾಡುತ್ತ ಸಾಗಬೇಕು; ಚಿರತೆ ಕಂಡರೆ ಓಡದೆ, ಬೆನ್ನು ತೋರಿಸದೆ, ಚಿಕ್ಕವರನ್ನು ಎತ್ತಿಕೊಂಡು ಹಿಂದೆ ಸರಿಯಬೇಕು. ಆನೆ ದೂರದಲ್ಲಿ ಕಂಡರೆ ಫೋಟೋದ ಆಸೆ ಬಿಟ್ಟು ಹಿಂದಿರುಗಬೇಕು. ವಾಹನದಲ್ಲಿದ್ದರೆ ಇಳಿಯಬಾರದು, ಹಾರ್ನ್ ಮಾಡಬಾರದು, ಕಾಯಬೇಕು.

ಕೊಡಗಿನ ನಂಟಿರುವ ಮನೆಗಳಲ್ಲಿ ‘ಅಲ್ಲಿ ಮನೆಮನೆಗೂ ಕೋವಿ ಇದೆಯಲ್ಲ’ ಎಂಬ ಪ್ರಶ್ನೆ ಬರಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಅದು ಒಂದು ನಾಡಿನ ಆಚಾರಕ್ಕೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಸಂಸ್ಕೃತಿಗೆ ಸಂದ ಮಾನ್ಯತೆ. ಆದರೆ ಪರವಾನಗಿಯ ವಿನಾಯಿತಿ ವನ್ಯಜೀವಿ ಕಾನೂನಿನ ವಿನಾಯಿತಿಯಲ್ಲ. ಅಭಯಾರಣ್ಯದ ಗಡಿಯಲ್ಲಿ ಅವರ ಕೋವಿಗೂ ಅದೇ 31ನೆಯ ಕಲಮು.

ಹುಡುಗರ ಕೈಯ ಏರ್‌ಗನ್ ಬಗೆಗೆ ಒಂದು ಮಾತು ಉಳಿದಿದೆ. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಪರವಾನಗಿ ಬೇಡವೆಂದು ಅದನ್ನು ಆಟಿಕೆಯಂತೆ ಕೊಡಿಸುವವರಿದ್ದಾರೆ. ಕಾಡುಹಕ್ಕಿಯತ್ತ ಅದರ ಗುರಿ ತಿರುಗಿದ ಕೂಡಲೇ ಅದು ಆಟಿಕೆಯಲ್ಲ. ಮುಂಬಯಿಯ ಒಬ್ಬ ಹುಡುಗ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಸೋದರಮಾವ ಕೊಟ್ಟ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕೊರಳಲ್ಲಿ ಹಳದಿ ಗುರುತಿತ್ತು. ಅದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗ ಮುಂದೆ ಸಲೀಂ ಅಲಿ ಆದರು. ಹಕ್ಕಿಯ ಮಾದರಿ ಸಂಗ್ರಹಕ್ಕೆ ಅವರೂ ಕೋವಿ ಬಳಸಿದರು. ಅಂದಿನ ಶಾಸ್ತ್ರದ ಕ್ರಮ ಅದಾಗಿತ್ತು. ಅವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರ 1990ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾಗಿ ಇಂದು ಆನೈಕಟ್ಟಿಯ ಬೆಟ್ಟದ ಅಡಿಯಲ್ಲಿದೆ. ಹಕ್ಕಿಯನ್ನು ಅರಿಯಲು ಇಂದು ದುರ್ಬೀನು, ಕ್ಯಾಮೆರಾ, ಟಿಪ್ಪಣಿ ಪುಸ್ತಕ ಸಾಕು. ಯೌವನದಲ್ಲಿ ಕೋವಿ ಹಿಡಿದು ಕಾಡು ಸುತ್ತಿದ ತೇಜಸ್ವಿಯವರೂ ಅದನ್ನು ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡವರೇ.

ಟಾಪ್‌ಸ್ಲಿಪ್ಪಿಗೆ ಹೋದವರು ಹ್ಯೂಗೋ ವುಡ್ ಅವರ ಸಮಾಧಿಯನ್ನು ನೋಡಿ ಬರಬಹುದು. ಬ್ರಿಟಿಷರ ಕಾಲದಲ್ಲಿ ತೇಗವನ್ನೆಲ್ಲ ಕಡಿದು ಬೋಳಾದ ಆ ಬೆಟ್ಟಗಳಲ್ಲಿ ಮರಳಿ ತೇಗ ಬೆಳೆಸಿದ ಅರಣ್ಯಾಧಿಕಾರಿ ಅವರು. ಜೇಬಿನ ತುಂಬ ತೇಗದ ಬೀಜ ತುಂಬಿಕೊಂಡು, ಊರುಗೋಲಿನಿಂದ ನೆಲದಲ್ಲಿ ತೂತು ಮಾಡಿ, ಒಂದೊಂದೇ ಬೀಜ ಹಾಕುತ್ತ ನಡೆಯುತ್ತಿದ್ದರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. 1933ರಲ್ಲಿ ತೀರಿಕೊಂಡ ಅವರನ್ನು ಅವರ ಇಚ್ಛೆಯಂತೆ ಆ ಮರಗಳ ನಡುವೆಯೇ ಮಣ್ಣು ಮಾಡಿದರು. ಹುಲಿ, ಆನೆ, ಚಿರತೆಗಳು ಅಂದೂ ಆ ಕಾಡಿನಲ್ಲಿದ್ದವು. ಜನರ ನೆನಪಿನಲ್ಲಿ ಅವರ ಕೈಯಲ್ಲಿ ಉಳಿದಿರುವುದು ಮಾತ್ರ ಒಂದು ಊರುಗೋಲು.